ಮೈಸೂರಿನ ಒಂದು ತಾರಸಿ, ನಾಲ್ಕು ಪ್ಯಾನೆಲ್

2025ರ ಸಂಕ್ರಾಂತಿಗೆ ಎಳ್ಳು ಬೀರಲು ಮೈಸೂರಿಗೆ ಹೋದವಳು ಎರಡು ದಿನ ದೊಡ್ಡಮ್ಮನ ಮನೆಯ ತಾರಸಿಯ ಮೇಲೆಯೇ ಕಳೆದೆ. ನಾನು ಒಳಗೆ ಕಾಲಿಡುವ ಹೊತ್ತಿಗೆ ಅವರು ಎಳ್ಳಿನ ತಟ್ಟೆಯ ಪಕ್ಕದಲ್ಲಿ ಒಂದು ಕೊಟೇಶನ್ ತೆಗೆದಿಟ್ಟಿದ್ದರು. 5 ಕಿಲೋವ್ಯಾಟ್ ಸೌರ ವಿದ್ಯುತ್ ಘಟಕ, ಬೆಲೆ 3.25 ಲಕ್ಷ ರೂಪಾಯಿ, ಸಹಾಯಧನ 78,000, ಕೈಯಿಂದ ಹಾಕಬೇಕಾದದ್ದು 2.47 ಲಕ್ಷ. ಕೆಳಗೆ ದಪ್ಪ ಅಕ್ಷರದಲ್ಲಿ, ತಿಂಗಳಿಗೆ 600 ಯೂನಿಟ್ ಉತ್ಪಾದನೆ, ಬಿಲ್ ಸೊನ್ನೆ.

"ನೀನು ಎಲೆಕ್ಟ್ರಿಕಲ್ ಓದಿದವಳು. ನಮ್ಮ ಮನೆಗೆ ಇದು ಹೊಂದುತ್ತದೆಯೋ ಇಲ್ಲವೋ ನೋಡಿ ಹೇಳು. ಇಲ್ಲ ಎನ್ನುವುದಾದರೆ ಯಾಕೆ ಎಂದೂ ಹೇಳು" ಎಂದರು. ದೊಡ್ಡಮ್ಮ ಪ್ರೌಢಶಾಲೆಯಲ್ಲಿ ವಿಜ್ಞಾನ ಹೇಳಿಕೊಟ್ಟು ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತರಾದವರು. ಕಾರಣವಿಲ್ಲದ ಉತ್ತರವನ್ನು ಅವರು ಎಂದೂ ಒಪ್ಪಿದವರಲ್ಲ.

ಮನೆ 1998ರಲ್ಲಿ ಕಟ್ಟಿದ್ದು. 30x40ರ ನಿವೇಶನ, ನೆಲ ಅಂತಸ್ತಿನಲ್ಲಿ ದೊಡ್ಡಪ್ಪ ಮತ್ತು ದೊಡ್ಡಮ್ಮ, ಮೇಲೆ ಬಾಡಿಗೆದಾರರು. ಎರಡು ಅಂತಸ್ತಿಗೂ ಬೇರೆ ಬೇರೆ ಮೀಟರ್, ಬೇರೆ ಬೇರೆ ಆರ್‌ಆರ್ ನಂಬರ್ (ವಿದ್ಯುತ್ ಸಂಪರ್ಕದ ಸಂಖ್ಯೆ). ತಾರಸಿ ಸುಮಾರು 850 ಚದರ ಅಡಿ.

ತಾರಸಿಗೆ ಹತ್ತುವ ಮೊದಲು ಬಿಲ್ಲುಗಳ ಫೈಲು ಕೊಡಿ ಎಂದೆ. ದೊಡ್ಡಪ್ಪನಿಗೆ ಆಶ್ಚರ್ಯವಾಯಿತು. "ಬಿಸಿಲು ನೋಡುವುದು ಬಿಟ್ಟು ಬಿಲ್ ಯಾಕೆ?" ಎಂದರು. ಈ ಪ್ರಶ್ನೆಯನ್ನು ನಾನು ಎಲ್ಲ ಮನೆಗಳಲ್ಲೂ ಕೇಳಿಸಿಕೊಂಡಿದ್ದೇನೆ. ನಮ್ಮ ರಾಜ್ಯದಲ್ಲಿ ಬಿಸಿಲಿಗೆ ಬರವಿಲ್ಲ. ನೆರಳಿಲ್ಲದ ಜಾಗದಲ್ಲಿ ಒಂದು ಕಿಲೋವ್ಯಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ನಾಲ್ಕು ಯೂನಿಟ್ ಕೊಡುತ್ತದೆ ಎಂದು ಧಾರಾಳವಾಗಿ ಹಿಡಿಯಬಹುದು. ಆ ನಾಲ್ಕು ಯೂನಿಟ್ ಯಾವ ಮೀಟರಿನ ಯಾವ ಖರ್ಚನ್ನು ತಗ್ಗಿಸುತ್ತದೆ ಎಂಬುದು ಮಾತ್ರ ಮನೆಯಿಂದ ಮನೆಗೆ ಬೇರೆ. ಅದಕ್ಕೇ ನಾನು ಮೊದಲು ಫೈಲು ಕೇಳುತ್ತೇನೆ.

ಫೈಲಿನಲ್ಲಿ ಸಿಕ್ಕಿದ್ದು

ದೊಡ್ಡಪ್ಪ ಒಂದು ಬಿಲ್ಲನ್ನೂ ಬಿಸಾಡಿರಲಿಲ್ಲ. 2024ರ ಹನ್ನೆರಡು ತಿಂಗಳು, ನೆಲ ಅಂತಸ್ತಿನ ಮೀಟರ್: ಜನವರಿ 187, ಫೆಬ್ರವರಿ 198, ಮಾರ್ಚ್ 247, ಏಪ್ರಿಲ್ 268, ಮೇ 274, ಜೂನ್ 221, ಜುಲೈ 196, ಆಗಸ್ಟ್ 188, ಸೆಪ್ಟೆಂಬರ್ 192, ಅಕ್ಟೋಬರ್ 205, ನವೆಂಬರ್ 190, ಡಿಸೆಂಬರ್ 184. ಒಟ್ಟು 2,550 ಯೂನಿಟ್, ತಿಂಗಳಿಗೆ ಸರಾಸರಿ 212.

5 ಕಿಲೋವ್ಯಾಟ್ ಘಟಕ ಈ ಮನೆಗೆ ದೊಡ್ಡದು ಎನ್ನಲು ಇಷ್ಟು ಸಾಕು. 212 ಯೂನಿಟ್ ಬಳಸುವ ಮನೆಯಲ್ಲಿ 600 ಯೂನಿಟ್ ಉತ್ಪಾದಿಸಿದರೆ ಮಿಕ್ಕದ್ದು ಲೈನಿಗೆ ಹೋಗುತ್ತದೆ. ಅದಕ್ಕೆ ಸಿಗುವ ದರ ನಾವು ಕೊಡುವ ದರಕ್ಕಿಂತ ತೀರಾ ಕಡಿಮೆ. ಸಹಾಯಧನವೂ ಗಾತ್ರದ ಜೊತೆಗೆ ಬೆಳೆಯುವುದಿಲ್ಲ. 2024ರ ಫೆಬ್ರವರಿಯಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಪಿಎಂ ಸೂರ್ಯಘರ್ ಯೋಜನೆಯಲ್ಲಿ ಮೊದಲ ಎರಡು ಕಿಲೋವ್ಯಾಟ್‌ಗೆ ತಲಾ 30,000 ರೂಪಾಯಿ, ಮೂರನೆಯದಕ್ಕೆ 18,000, ಅಲ್ಲಿಗೆ 78,000ಕ್ಕೆ ನಿಲ್ಲುತ್ತದೆ. ನಾಲ್ಕನೆಯ ಮತ್ತು ಐದನೆಯ ಕಿಲೋವ್ಯಾಟ್ ಪೂರ್ತಿ ನಮ್ಮ ಜೇಬಿನಿಂದಲೇ.

ಇನ್ನೂ ಮುಖ್ಯವಾದದ್ದು ಗೃಹಜ್ಯೋತಿ, ಮನೆಗಳಿಗೆ ಉಚಿತ ವಿದ್ಯುತ್ ಕೊಡುವ ರಾಜ್ಯ ಸರ್ಕಾರದ ಯೋಜನೆ. 2022-23ರ ಸರಾಸರಿ ಬಳಕೆಗೆ ಶೇ 10 ಸೇರಿಸಿ ಈ ಮನೆಗೆ 160 ಯೂನಿಟ್ ಉಚಿತ ಎಂದು ನಿಗದಿಯಾಗಿತ್ತು. ತಿಂಗಳ ಬಳಕೆ 160ರೊಳಗಿದ್ದರೆ ಸೊನ್ನೆ ಬಿಲ್, 160 ದಾಟಿ 200ರೊಳಗಿದ್ದರೆ ಹೆಚ್ಚಾದ ಯೂನಿಟ್‌ಗಷ್ಟೇ ಹಣ, 200 ದಾಟಿದರೆ ಇಡೀ ಬಿಲ್ ಕಟ್ಟಬೇಕು. ಹೀಗಾಗಿ ಸೌರ ಘಟಕ ಉಳಿಸಬಹುದಾದ ಹಣ 2,550 ಯೂನಿಟ್‌ನದ್ದಲ್ಲ, ಅವರು ನಿಜವಾಗಿ ಹಣ ಕಟ್ಟುತ್ತಿರುವ ಯೂನಿಟ್‌ಗಳದ್ದು. ನಾನು ಬಿಲ್ಲಿನ ಹಿಂಬದಿಯಲ್ಲೇ ಕೂಡಿಸಿದೆ. 200 ದಾಟಿದ ಐದು ತಿಂಗಳುಗಳಿಂದ 1,215, ಉಳಿದ ಏಳು ತಿಂಗಳುಗಳ ಹೆಚ್ಚುವರಿ 215, ಒಟ್ಟು 1,430. ತೆರಿಗೆ ಸೇರಿ ಯೂನಿಟ್‌ಗೆ ಆರೂವರೆ ರೂಪಾಯಿ ಎಂದು ಹಿಡಿದರೆ ವರ್ಷಕ್ಕೆ 9,300 ರೂಪಾಯಿ. ಮಂಜೂರಾದ ಲೋಡಿನ ಮೇಲೆ ಹಾಕುವ ನಿಗದಿತ ಶುಲ್ಕವನ್ನು ಪ್ಯಾನೆಲ್ ಇಳಿಸುವುದಿಲ್ಲ, ಆದ್ದರಿಂದ ಅದನ್ನು ಸೇರಿಸಲಿಲ್ಲ.

2.47 ಲಕ್ಷ ಹಾಕಿ ವರ್ಷಕ್ಕೆ 9,300 ಉಳಿಸುವುದೆಂದರೆ ಹಾಕಿದ ಹಣ ಮರಳಲು 26 ವರ್ಷ ಬೇಕು. ಮಾರಿದ ಮಿಕ್ಕ ವಿದ್ಯುತ್ತಿನ ಪುಡಿಗಾಸು ಸೇರಿದರೆ ಇನ್ನೂ ಸ್ವಲ್ಪ ಬೇಗ. ಪ್ಯಾನೆಲ್ಲಿಗೆ ಕೊಡುವ ಉತ್ಪಾದನಾ ಖಾತರಿಯೇ ಸಾಮಾನ್ಯವಾಗಿ 25 ವರ್ಷ. ಅರವತ್ತೆಂಟು ದಾಟಿದವರ ಉಳಿತಾಯದ ಹಣ ಇದು. ಹೀಗೆ ಲೆಕ್ಕ ಹಾಕದೆ 5 ಕಿಲೋವ್ಯಾಟ್ ಬರೆದು ಕೊಟ್ಟವರ ಮೇಲೆ ನನಗೆ ಸಿಟ್ಟು ಬಂದದ್ದು ನಿಜ.

ಮೇಲಿನ ಮನೆಯವರ ಬಳಕೆ ತಿಂಗಳಿಗೆ 110 ಯೂನಿಟ್ ದಾಟುವುದಿಲ್ಲ, ಅವರ ಬಿಲ್ ಈಗಲೇ ಸೊನ್ನೆ. ಆ ಮೀಟರಿಗೆ ಪ್ಯಾನೆಲ್ ಜೋಡಿಸುವ ಮಾತೇ ಇಲ್ಲ.

ಅಕ್ಟೋಬರಿನ 205 ನನ್ನ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಐದೇ ಯೂನಿಟ್ ಮೀರಿದ್ದಕ್ಕೆ 205 ಯೂನಿಟ್‌ಗೂ ಹಣ ಕಟ್ಟಿದ್ದರು. ಯಾವುದು ಇಷ್ಟು ತಿನ್ನುತ್ತಿದೆ ಎಂದು ಅಡುಗೆಮನೆಗೆ ಹೋದೆ. ಫ್ರಿಜ್ಜು ಇಪ್ಪತ್ತು ವರ್ಷ ಹಳೆಯದು. ಬಾಗಿಲಿನ ರಬ್ಬರ್ ಪಟ್ಟಿ ಗಟ್ಟಿಯಾಗಿ ಕೆಳಮೂಲೆಯಲ್ಲಿ ಬಿಟ್ಟುಕೊಂಡಿತ್ತು, ಅಲ್ಲಿ ಬೆರಳಿಟ್ಟರೆ ತಣ್ಣನೆಯ ಗಾಳಿ ತಾಕುತ್ತಿತ್ತು. ಕಂಪ್ರೆಸರ್ ನಿಲ್ಲುತ್ತಲೇ ಇರಲಿಲ್ಲ. ನನ್ನ ಬಳಿ ಪ್ಲಗ್ಗಿನ ನಡುವೆ ಸಿಕ್ಕಿಸುವ ಸಣ್ಣ ಅಳತೆಯ ಮೀಟರ್ ಇದೆ, ಅದನ್ನು ಹಾಕಿ ಒಂದು ದಿನ ಬಿಟ್ಟೆ. 24 ಗಂಟೆಗೆ 1.7 ಯೂನಿಟ್, ತಿಂಗಳಿಗೆ 51. ಅದೇ ಗಾತ್ರದ ಹೊಸ ಫ್ರಿಜ್ಜುಗಳ ಸ್ಟಾರ್ ಲೇಬಲ್ ಮೇಲೆ ವರ್ಷಕ್ಕೆ 240 ಯೂನಿಟ್‌ನ ಆಸುಪಾಸು ಇರುತ್ತದೆ, ಅಂದರೆ ತಿಂಗಳಿಗೆ 20.

ತಿಂಗಳಿಗೆ 30 ಯೂನಿಟ್ ಇಳಿಸಿ ಮತ್ತೆ ಕೂಡಿಸಿದೆ. 200 ದಾಟುವುದು ಮಾರ್ಚ್, ಏಪ್ರಿಲ್, ಮೇ ಮಾತ್ರ. ಹಣ ಕಟ್ಟುವ ಯೂನಿಟ್ 1,430ರಿಂದ 761ಕ್ಕೆ ಇಳಿಯಿತು. 25,000 ರೂಪಾಯಿಯ ಫ್ರಿಜ್ಜು ವರ್ಷಕ್ಕೆ 4,300 ರೂಪಾಯಿ ಉಳಿಸುತ್ತದೆ. ಅದನ್ನು ಬದಲಿಸಿದ ಮೇಲೆ ಸೌರ ಘಟಕಕ್ಕೆ ಉಳಿಸಲು ಮಿಗುವುದು 5,000ಕ್ಕಿಂತ ಸ್ವಲ್ಪ ಕಡಿಮೆ.

ಸೀಮೆಸುಣ್ಣ ಹಿಡಿದು ತಾರಸಿಯ ಮೇಲೆ

ನೆರಳು ಗುರುತಿಸಲು ಏನಾದರೂ ಕೊಡಿ ಎಂದಾಗ ದೊಡ್ಡಮ್ಮ ಬೀರುವಿನಿಂದ ಸೀಮೆಸುಣ್ಣದ ಡಬ್ಬಿ ತೆಗೆದರು. ನಿವೃತ್ತರಾಗಿ ಎಂಟು ವರ್ಷವಾದರೂ ಡಬ್ಬಿ ಮನೆಯಲ್ಲಿದೆ. ಬೆಳಿಗ್ಗೆ ಒಂಬತ್ತಕ್ಕೆ ಬಿಳಿ, ಹನ್ನೊಂದಕ್ಕೆ ಹಳದಿ, ಒಂದಕ್ಕೆ ಗುಲಾಬಿ, ಮೂರಕ್ಕೆ ನೀಲಿ, ನಾಲ್ಕಕ್ಕೆ ಹಸಿರು. ನೆರಳಿನ ಅಂಚಿನುದ್ದಕ್ಕೂ ಗೆರೆ ಎಳೆದು ಪಕ್ಕದಲ್ಲಿ ಗಂಟೆ ಬರೆದೆವು.

ವಾಸ್ತು ನೋಡಿ ಕಟ್ಟಿದ ಎಲ್ಲ ಮನೆಗಳಂತೆ ಇಲ್ಲಿಯೂ ನೀರಿನ ಟ್ಯಾಂಕ್ ನೈಋತ್ಯ ಮೂಲೆಯಲ್ಲಿದೆ. ಕಟ್ಟೆಯೂ ಸೇರಿ ಹತ್ತು ಅಡಿ ಎತ್ತರ. ಮಧ್ಯಾಹ್ನದ ನಂತರದ ಬಿಸಿಲು, ಅದರಲ್ಲೂ ಚಳಿಗಾಲದಲ್ಲಿ, ಬರುವುದು ಸರಿಯಾಗಿ ಆ ದಿಕ್ಕಿನಿಂದ. ಮೂರು ಗಂಟೆಗೆ ಟ್ಯಾಂಕಿನ ನೆರಳು ಹನ್ನೆರಡು ಅಡಿ ಚಾಚಿತ್ತು, ನಾಲ್ಕಕ್ಕೆ ಹದಿನೆಂಟು. ಜನವರಿಯಲ್ಲಿ ಮೈಸೂರಿನ ಸೂರ್ಯ ತನ್ನ ಅತಿ ಎತ್ತರಕ್ಕೆ ಬರುವುದು ಹನ್ನೆರಡಕ್ಕಲ್ಲ, ಹನ್ನೆರಡೂವರೆಗೆ. ಆಗ ನೆರಳು ಆರೂವರೆ ಅಡಿ. ಈ ಹೊತ್ತನ್ನು ಗಡಿಯಾರ ನೋಡದೆ, ನೆರಳು ಅತಿ ಚಿಕ್ಕದಾಗುವ ಕ್ಷಣ ಕಾದು ದೊಡ್ಡಮ್ಮನೇ ಹಿಡಿದರು.

ದಕ್ಷಿಣದ ಪ್ಯಾರಾಪೆಟ್‌ನ ಬಳಿ ಸೋಲಾರ್ ವಾಟರ್ ಹೀಟರ್ ಕೂತಿದೆ. ಅದು ಅತ್ಯುತ್ತಮ ಜಾಗವನ್ನೇ ಹಿಡಿದುಕೊಂಡಿದೆ, ಹಿಡಿದುಕೊಳ್ಳಲಿ. ಸ್ನಾನದ ನೀರು ಕಾಯಿಸುವ ಗೀಸರಿನ ಯೂನಿಟ್‌ಗಳನ್ನು ಉಳಿಸುತ್ತಿರುವ ಹಳೆಯ ಹೀಟರನ್ನು ಕಿತ್ತು ಅಲ್ಲಿ ಪ್ಯಾನೆಲ್ ಇಡಿ ಎನ್ನುವ ಸಲಹೆಯನ್ನು ನಾನು ಎಲ್ಲಿಯೂ ಒಪ್ಪುವುದಿಲ್ಲ.

ಪಶ್ಚಿಮಕ್ಕೆ ಪಕ್ಕದ ಮನೆಯವರ ತೆಂಗಿನ ಮರ. ಮೂರು ಗಂಟೆಯ ಹೊತ್ತಿಗೆ ಅದರ ಗರಿಗಳ ನೆರಳು ಬಾಚಣಿಗೆಯ ಹಲ್ಲುಗಳಂತೆ ನೆಲದ ಮೇಲೆ ಆಡುತ್ತಿತ್ತು, ಹಲ್ಲಿಗೂ ಹಲ್ಲಿಗೂ ನಡುವೆ ಒಳ್ಳೆಯ ಬಿಸಿಲು. ದೊಡ್ಡಪ್ಪ, "ಇಷ್ಟು ತೆಳ್ಳನೆಯ ನೆರಳಿಗೆ ಏನಾಗುತ್ತದೆ?" ಎಂದು ಕೇಳಿದರು. ಪ್ಯಾನೆಲ್ಲಿನ ಒಳಗೆ ಕೋಶಗಳು ಒಂದರ ಹಿಂದೊಂದು ಸಾಲಾಗಿ ಜೋಡಿಸಿರುತ್ತವೆ, ಪ್ಯಾನೆಲ್‌ಗಳನ್ನೂ ಹಾಗೆಯೇ ಜೋಡಿಸುತ್ತಾರೆ. ಬಾವಿಯಿಂದ ಕೈಯಿಂದ ಕೈಗೆ ಕೊಡ ದಾಟಿಸುವ ಸಾಲಿನಲ್ಲಿ ಒಬ್ಬರ ಕೈ ನಿಧಾನವಾದರೆ ಸಾಲಿಡೀ ನಿಧಾನವಾಗುವಂತೆ, ನೆರಳು ಬಿದ್ದ ಕೋಶ ಉಳಿದವುಗಳ ಕರೆಂಟನ್ನೂ ತಡೆಯುತ್ತದೆ. ನಿಧಾನವಾದವರನ್ನು ಬಿಟ್ಟು ಮುಂದಕ್ಕೆ ದಾಟಿಸಲು ಪ್ಯಾನೆಲ್ಲಿನಲ್ಲಿ ಬೈಪಾಸ್ ಡಯೋಡ್‌ಗಳಿರುತ್ತವೆ, ಸಾಮಾನ್ಯವಾಗಿ ಪ್ಯಾನೆಲ್ಲಿನ ಮೂರು ಭಾಗಗಳಿಗೆ ಮೂರು. ಆದರೆ ಗರಿಯ ನೆರಳು ಮೂರೂ ಭಾಗಗಳ ಮೇಲೆ ಒಟ್ಟಿಗೆ ಬಿದ್ದರೆ ಬಿಟ್ಟು ದಾಟಿಸಲು ಏನೂ ಉಳಿಯುವುದಿಲ್ಲ. ಟ್ಯಾಂಕಿನ ಗಟ್ಟಿ ನೆರಳು ಒಂದು ಮೂಲೆಯನ್ನು ಮುಚ್ಚಿದಾಗ ಆಗುವ ನಷ್ಟಕ್ಕಿಂತ ಹರಡಿ ಬೀಳುವ ಗರಿ ನೆರಳಿನ ನಷ್ಟ ಹೆಚ್ಚಾಗುವುದುಂಟು. ಜೊತೆಗೆ ಒಣಗಿದ ಗರಿ, ಕಾಯಿ ಬೀಳುವ ಭಯ ಬೇರೆ. ಮರ ಕಡಿಸಲು ಕೇಳೋಣವೇ ಎಂದು ದೊಡ್ಡಪ್ಪ ಮೆಲ್ಲನೆ ಅಂದಾಗ ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದರು. ನನಗೂ ಅದೇ ಸರಿ ಎನಿಸಿತು. ಫಲ ಕೊಡುವ ಮರ ಕಡಿದು ಹಾಕುವ ಪ್ಯಾನೆಲ್ ನಮಗೆ ಬೇಡ.

ಅವರಿಬ್ಬರಿಗೂ ಹೆಚ್ಚು ಚಿಂತೆ ಇದ್ದದ್ದು ದಕ್ಷಿಣದ ಖಾಲಿ ನಿವೇಶನದ ಬಗ್ಗೆ. ಅಲ್ಲಿ ನಾಳೆ ಮೂರು ಅಂತಸ್ತು ಎದ್ದರೆ ಎಲ್ಲವೂ ನೆರಳಾಗುತ್ತದೆ ಎಂದು ಅಂಜಿದ್ದರು. ಮೈಸೂರು ಇರುವುದು 12 ಡಿಗ್ರಿ ಉತ್ತರ ಅಕ್ಷಾಂಶದ ಸುಮಾರಿನಲ್ಲಿ. ಡಿಸೆಂಬರ್ 21ರಂದು ಕೂಡ ನಡುಹಗಲಿನ ಸೂರ್ಯ 54 ಡಿಗ್ರಿ ಎತ್ತರದಲ್ಲಿರುತ್ತದೆ. ನಮ್ಮ ಪ್ಯಾನೆಲ್‌ಗಿಂತ ಹನ್ನೊಂದು ಅಡಿ ಎತ್ತರಕ್ಕೆ ಆ ಮನೆಯ ಗೋಡೆ ಎದ್ದರೂ ಆ ದಿನ ನಡುಹಗಲಿನಲ್ಲಿ ನೆರಳು ಎಂಟು ಅಡಿ, ಅದರಲ್ಲಿ ಒಂದಷ್ಟು ಎರಡು ಮನೆಗಳ ನಡುವಿನ ಓಣಿಯಲ್ಲೇ ಮುಗಿಯುತ್ತದೆ. ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಹೆಚ್ಚು. ತೊಂದರೆಯಾಗುವುದು ವಾಟರ್ ಹೀಟರಿಗೇ ಹೊರತು ತಾರಸಿಯ ಉತ್ತರಾರ್ಧಕ್ಕಲ್ಲ. ದೂರದ ಉತ್ತರ ದೇಶಗಳವರು ಬರೆದ ಸಲಹೆ ಓದಿ ದಕ್ಷಿಣದ ನೆರಳಿಗೆ ಹೆದರುವವರು ನಮ್ಮಲ್ಲಿ ಬಹಳ. ನಮ್ಮ ಊರುಗಳಲ್ಲಿ ಕಾಡುವುದು ಹೆಚ್ಚಾಗಿ ಪೂರ್ವ ಮತ್ತು ಪಶ್ಚಿಮದ ಅಡ್ಡಿಗಳು. ಪೂರ್ವದ ಮೂರಂತಸ್ತಿನ ಮನೆಯ ನೆರಳು ಇಲ್ಲಿ ಒಂಬತ್ತೂಕಾಲಕ್ಕೆ ಸರಿಯಿತು. ದಿನದ ಉತ್ಪಾದನೆಯ ಬಹುಪಾಲು ಒಂಬತ್ತರಿಂದ ನಾಲ್ಕರೊಳಗೆ ಬರುವುದರಿಂದ ಅದನ್ನು ಸಹಿಸಬಹುದು.

ಸಂಜೆ ಐದಕ್ಕೆ ಬಣ್ಣದ ಗೆರೆಗಳಿಂದ ತಪ್ಪಿಸಿಕೊಂಡು ಉಳಿದದ್ದು ಮೆಟ್ಟಿಲ ಕೋಣೆಯ ಮುಂದಿನಿಂದ ಈಶಾನ್ಯದವರೆಗಿನ ಸುಮಾರು 230 ಚದರ ಅಡಿ. ಕಿಲೋವ್ಯಾಟ್‌ಗೆ 100 ಚದರ ಅಡಿ ಎಂಬ ಲೆಕ್ಕದಲ್ಲಿ ಎರಡು ಕಿಲೋವ್ಯಾಟ್. 540 ವ್ಯಾಟ್‌ನ ನಾಲ್ಕು ಪ್ಯಾನೆಲ್, ಸುತ್ತ ಓಡಾಡಲು ದಾರಿ. ವಿಚಿತ್ರವೆಂದರೆ ಮನೆಯ ಬಳಕೆಗೂ ಇಷ್ಟೇ ಸಾಕು. ನೆರಳಿನ ಅಲ್ಪಸ್ವಲ್ಪ ನಷ್ಟ ಕಳೆದರೂ ವರ್ಷಕ್ಕೆ 2,800 ಯೂನಿಟ್ ಬರುತ್ತದೆ.

ಕೊಟೇಶನ್‌ನಲ್ಲಿ 5 ಕಿಲೋವ್ಯಾಟ್ ಹಿಡಿಸಲು ಎಂಟು ಅಡಿ ಎತ್ತರದ ಜಿಐ (ಸತು ಲೇಪಿಸಿದ ಕಬ್ಬಿಣದ) ಚಪ್ಪರ ಬರೆದಿದ್ದರು. ಬಟ್ಟೆ ಒಣಗಿಸಲು ಕೆಳಗೆ ಜಾಗ ಉಳಿಯುತ್ತದೆ ಎಂಬುದು ನಿಜ. ಆದರೆ ಧೂಳು, ಪಾರಿವಾಳದ ಹಿಕ್ಕೆ ತೊಳೆಯಲು ಏಣಿ ಹತ್ತಬೇಕು. ಮಂಡಿ ನೋವಿರುವ ದೊಡ್ಡಮ್ಮ ಹತ್ತಲಾರರು, ದೊಡ್ಡಪ್ಪ ಹತ್ತಬಾರದು. ಗಾಳಿಗೆ ಎತ್ತರದ ಚಪ್ಪರ ಎಳೆಯುವ ಬಲವನ್ನೂ ತಾಳಬೇಕಾದದ್ದು ಇಪ್ಪತ್ತೇಳು ವರ್ಷದ ಸ್ಲ್ಯಾಬು.

ಆ ಸ್ಲ್ಯಾಬಿನದೇ ಒಂದು ಕಥೆ ಇತ್ತು. ಬಾಡಿಗೆದಾರರ ಅನುಮತಿ ಪಡೆದು ಒಳಗೆ ಹೋಗಿ ನೋಡಿದರೆ ಮಲಗುವ ಕೋಣೆಯ ಚಾವಣಿಯಲ್ಲಿ ಅಂಗೈಯಗಲದ ಕಂದು ಕಲೆ, ಬೆರಳಿನಿಂದ ಉಜ್ಜಿದರೆ ಸುಣ್ಣ ಪುಡಿಯಾಗಿ ಉದುರಿತು. ಹೊರಗೆ ಅದರ ಮೇಲ್ಭಾಗದಲ್ಲಿ ತಾರಸಿಯ ಟೈಲ್ಸ್‌ಗಳ ಸಂದು ಬಾಯಿಬಿಟ್ಟಿತ್ತು. ಅಲ್ಲಿ ಬೋಲ್ಟ್ ಕೊರೆದರೆ ಮಳೆನೀರಿಗೆ ನಾವೇ ದಾರಿ ಮಾಡಿಕೊಟ್ಟಂತೆ. ಪ್ಯಾನೆಲ್ ಕೂತ ಮೇಲೆ ಸೋರಿಕೆ ರಿಪೇರಿಗೆ ಎಲ್ಲವನ್ನೂ ಬಿಚ್ಚಬೇಕು. ವಾಟರ್‌ಪ್ರೂಫಿಂಗ್ ಮೊದಲು, ಆಮೇಲೆ ಕೊರೆಯದೆ ಕಾಂಕ್ರೀಟ್ ದಿಮ್ಮಿಗಳ ಮೇಲೆ ಗಿಡ್ಡ ಸ್ಟ್ಯಾಂಡ್ ಎಂದು ಬರೆದುಕೊಂಡೆ. ಒಂದು ಪ್ಯಾನೆಲ್ ಸುಮಾರು 28 ಕಿಲೋ ತೂಗುತ್ತದೆ. ನಾಲ್ಕರ ಭಾರ ದಿಮ್ಮಿಗಳೂ ಸೇರಿ ಹರಡಿ ಬೀಳುವುದರಿಂದ ಗಟ್ಟಿಯಿರುವ ಸ್ಲ್ಯಾಬಿಗೆ ಹೆಚ್ಚಲ್ಲ.

ಊಟದ ಹೊತ್ತಿನ ಮಾತು

ರಾತ್ರಿ ಊಟಕ್ಕೆ ಕೂತಾಗ ಕರೆಂಟು ಹೋಯಿತು. ದೊಡ್ಡಮ್ಮ, "ಇನ್ನು ಮೇಲೆ ಈ ಯುಪಿಎಸ್ ಬ್ಯಾಟರಿಯ ಕಾಟ ತಪ್ಪುತ್ತದೆ ಅಲ್ಲವೇ?" ಎಂದರು. ತಪ್ಪುವುದಿಲ್ಲ ಎಂದು ಹೇಳಬೇಕಾಯಿತು. ಬ್ಯಾಟರಿ ಇಲ್ಲದ, ಲೈನಿಗೆ ಜೋಡಿಸಿದ ಸಾಮಾನ್ಯ ಆನ್‌ಗ್ರಿಡ್ ಇನ್ವರ್ಟರ್ ಲೈನಿನಲ್ಲಿ ಕರೆಂಟು ಹೋದ ಕೂಡಲೇ, ನೆತ್ತಿಯ ಮೇಲೆ ಬಿಸಿಲಿದ್ದರೂ, ತಾನೂ ನಿಲ್ಲುತ್ತದೆ. ನಿಲ್ಲದಿದ್ದರೆ ನಮ್ಮ ತಾರಸಿಯ ಕರೆಂಟು ಲೈನಿಗೆ ಹರಿದು, ಕಂಬ ಹತ್ತಿ ರಿಪೇರಿ ಮಾಡುತ್ತಿರುವ ಲೈನ್‌ಮನ್‌ನ ಪ್ರಾಣಕ್ಕೆ ಕುತ್ತು. ಬ್ಯಾಟರಿ ಸಹಿತದ ಹೈಬ್ರಿಡ್ ವ್ಯವಸ್ಥೆ ಇದೆ, ಖರ್ಚು ಬಹಳ ಏರುತ್ತದೆ. ದೊಡ್ಡಮ್ಮನ ಮುಖ ಸ್ವಲ್ಪ ಬಾಡಿತು. ಈ ವಿಷಯವನ್ನು ಕೊಟೇಶನ್ ತಂದವರು ಹೇಳಿರಲೇ ಇಲ್ಲ.

2 ಕಿಲೋವ್ಯಾಟ್‌ಗೆ ಬೇರೆ ಕಡೆ ವಿಚಾರಿಸಿದಾಗ 1.45 ಲಕ್ಷ ಎಂದಿದ್ದರು, 60,000 ಸಹಾಯಧನ ಕಳೆದು 85,000. ಈಗಿನ ಬಳಕೆಯಲ್ಲಿ ಆ ಹಣ ಮರಳಲು ಒಂಬತ್ತು ವರ್ಷ, ಫ್ರಿಜ್ಜು ಬದಲಿಸಿದರೆ ಹದಿನೇಳು. ನನ್ನ ತೀರ್ಮಾನವನ್ನು ಹೇಳಿದೆ: ಮನೆ 2 ಕಿಲೋವ್ಯಾಟ್‌ಗೆ ಹೊಂದುತ್ತದೆ, 5ಕ್ಕೆ ಹೊಂದುವುದಿಲ್ಲ. ಹಣದ ದೃಷ್ಟಿಯಿಂದ ಫ್ರಿಜ್ಜು ಮತ್ತು ತಾರಸಿ ರಿಪೇರಿ ಮೊದಲು, ಪ್ಯಾನೆಲ್ ಈಗ ಬೇಡ.

ದೊಡ್ಡಮ್ಮ ಕೈ ತೊಳೆದು ಬಂದು ಕೂತರು. "ಹಣದ ಲೆಕ್ಕ ಸರಿ. ಆದರೆ ಇಪ್ಪತ್ತೊಂಬತ್ತು ವರ್ಷ ಮಕ್ಕಳಿಗೆ ಕಲ್ಲಿದ್ದಲು ಮುಗಿಯುತ್ತದೆ, ಸೂರ್ಯ ಮುಗಿಯುವುದಿಲ್ಲ ಎಂದು ಪಾಠ ಹೇಳಿದ್ದೇನೆ. ನನ್ನ ಪಿಂಚಣಿಯಲ್ಲಿ 85,000 ಅದಕ್ಕಾಗಿ ಖರ್ಚು ಮಾಡಿದರೆ ತಪ್ಪೇ?"

ತಪ್ಪಲ್ಲ ಎಂದೆ, ಮನಸ್ಸಿಟ್ಟೇ ಹೇಳಿದೆ. ಲಾಭವಾಗುತ್ತದೆ ಎಂದು ನಂಬಿಸಿ ಹಾಕಿಸುವುದು ತಪ್ಪು. ಲೆಕ್ಕ ತಿಳಿದು, ತನಗೆ ಮುಖ್ಯವೆನಿಸಿದ ಕಾರಣಕ್ಕೆ ಹಾಕಿಸಿಕೊಳ್ಳುವವರನ್ನು ತಡೆಯಲು ನಾನು ಯಾರು? ಹಾಗಾದರೆ ಒಂದು ಕ್ರಮ ಹಾಕಿಕೊಳ್ಳೋಣ ಎಂದು ಕೂತೆವು. ಫ್ರಿಜ್ಜು ಈ ತಿಂಗಳೇ. ವಾಟರ್‌ಪ್ರೂಫಿಂಗ್ ಮುಂಗಾರಿಗೆ ಮೊದಲು. ಸೀಮೆಸುಣ್ಣದ ಗೆರೆಗಳ ಅಳತೆಯನ್ನು ಗ್ರಾಫ್ ಹಾಳೆಗೆ ಇಳಿಸಿಡುವುದು. ಆರ್‌ಆರ್ ನಂಬರ್ ಇನ್ನೂ ತೀರಿಹೋದ ತಾತನ ಹೆಸರಿನಲ್ಲಿತ್ತು, ಅದನ್ನು ದೊಡ್ಡಪ್ಪನ ಹೆಸರಿಗೆ ಮಾಡಿಸುವುದು. ಮಳೆಗಾಲದ ಒಂದು ಸುತ್ತು ಕಳೆದು ಚಾವಣಿ ಒಣಗಿಯೇ ಇದ್ದರೆ ನಾಲ್ಕು ಪ್ಯಾನೆಲ್.

ಏಪ್ರಿಲ್ ಕೊನೆಯ ವಾರದಲ್ಲಿ ಫೋನ್ ಬಂತು. "ಇವತ್ತು ಹನ್ನೆರಡೂಕಾಲರ ಮೇಲೆ ಟ್ಯಾಂಕಿಗೆ ನೆರಳೇ ಇಲ್ಲ, ಬುಡದಲ್ಲೇ ಅಡಗಿದೆ" ಎಂದರು ದೊಡ್ಡಮ್ಮ. ಹೌದು, ಏಪ್ರಿಲ್ 23ರ ಆಸುಪಾಸಿನಲ್ಲಿ ಮೈಸೂರಿನಲ್ಲಿ ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತದೆ, ಮತ್ತೆ ಆಗಸ್ಟ್ ಇಪ್ಪತ್ತರ ಸುಮಾರಿಗೆ. ನಡುವಿನ ನಾಲ್ಕು ತಿಂಗಳು ನಡುಹಗಲಿನ ಸೂರ್ಯ ನಮಗೆ ಉತ್ತರದಲ್ಲಿರುತ್ತದೆ.

ಮೇ ಕೊನೆಗೆ ಇನ್ನೊಂದು ಫೋನ್. ಈ ಬಾರಿ ಅವರ ದನಿಯಲ್ಲಿ ತರಗತಿಯ ಗತ್ತಿತ್ತು. "ನೀನು ಗುರುತು ಹಾಕಿದ್ದು ಜನವರಿಯಲ್ಲಿ. ಆಗ ಮೆಟ್ಟಿಲ ಕೋಣೆಯ ನೆರಳು ಈಶಾನ್ಯಕ್ಕೆ ಗೋಡೆಯಾಚೆ ಬೀಳುತ್ತಿತ್ತು. ಈಗ ದಕ್ಷಿಣಕ್ಕೆ ತಿರುಗಿದೆ. ನಡುಹಗಲಿನಲ್ಲಿ ಒಂದು ಮೊಳ, ನಾಲ್ಕು ಗಂಟೆಗೆ ಪೂರ್ವಕ್ಕೆ ವಾಲಿಕೊಂಡು ನಿನ್ನ ಮೊದಲ ಪ್ಯಾನೆಲ್ಲಿನ ಗುರುತಿನ ಮೇಲೆ ಬರುತ್ತಿದೆ. ಗ್ರಾಫ್‌ನಲ್ಲಿ ಕೆಂಪು ಶಾಯಿಯಲ್ಲಿ ಬರೆದಿದ್ದೇನೆ."

ಹಾಳೆಯ ಫೋಟೋ ಮೊಬೈಲಿಗೆ ಬಂತು. ಅವರು ಹೇಳಿದ್ದು ಸರಿಯಾಗಿತ್ತು. ಇಡೀ ಸಾಲನ್ನು ಎರಡು ಮೊಳ ದಕ್ಷಿಣಕ್ಕೆ ಸರಿಸಬೇಕು. ಹೀಟರಿಗೆ ಹೋಗುವ ದಾರಿ ಇಕ್ಕಟ್ಟಾಗುತ್ತದೆ, ಆದರೂ ನಾಲ್ಕೂ ಕೂರುತ್ತವೆ.